ಗೆರೆ ಯಾರಿಗೆ ಸೇರಿದ್ದು?

ಕಾನ್‌ಬೈಲು ಪ್ರೌಢಶಾಲೆಯ ಉಮೇಶ್ ಮೇಷ್ಟ್ರು ಅವತ್ತು ಪಟ್ಟ ಪಾಡಿಗೆಲ್ಲ ಕಾರಣ ಆರು ಬೆರಳಗಲದ ಒಂದು ಸುಣ್ಣದ ಗೆರೆ. ಅದೂ ಅವರೇ ಟೇಪು ಹಿಡಿದು, ಹಗ್ಗ ಕಟ್ಟಿ, ನೆಟ್ಟಗೆ ಎಳೆದ ಗೆರೆ. ಬೇರೆಯವರು ಎಳೆದ ಗೆರೆ ಸೊಟ್ಟಗಿದ್ದರೆ ಬೈದು ಹಗುರಾಗಬಹುದು. ತಾವೇ ಎಳೆದದ್ದು, ಕೂದಲೆಳೆಯಷ್ಟೂ ತಪ್ಪಿಲ್ಲದ್ದು, ಕುತ್ತಿಗೆಗೆ ಬಂದರೆ ಯಾರನ್ನು ಬೈಯುವುದು? ಉಮೇಶ್ ಮೇಷ್ಟ್ರು ಕಂಡವರನ್ನೆಲ್ಲ ಬೈದರು. ನನ್ನನ್ನು ಕೇಳಿದರೆ ಬೈದದ್ದು ಸಾಲದು.

ಗಣಿತದ ಮೇಷ್ಟ್ರಿಗೆ ಫುಟ್‌ಬಾಲ್ ಮೈದಾನದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಅವರೂ ಆರು ವರ್ಷದಿಂದ ಅದನ್ನೇ ಕೇಳುತ್ತಿದ್ದರು. ಶಾಲೆಯಲ್ಲಿ ಒಂದು ಹುದ್ದೆ ಖಾಲಿಯಾದರೆ ಕೆಲಸವೇನೂ ಖಾಲಿಯಾಗುವುದಿಲ್ಲ; ಅದು ಪಕ್ಕದ ಕುರ್ಚಿಯಲ್ಲಿ ಕೂತವನ ತಲೆಯ ಮೇಲೆ ಬೀಳುತ್ತದೆ. ದೈಹಿಕ ಶಿಕ್ಷಕರು ನಿವೃತ್ತರಾದ ದಿನ ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಉಮೇಶ್. ಅಲ್ಲಿಂದ ಇಲ್ಲಿಯವರೆಗೆ ಖೊಖೊ ಅವರದು, ಥ್ರೋಬಾಲ್ ಅವರದು, ಆಗಸ್ಟ್ ಹದಿನೈದರ ಕವಾಯತು ಅವರದು. ಹತ್ತನೇ ತರಗತಿಯ ತ್ರಿಕೋನಮಿತಿ ಮಾತ್ರ ಯಾರದೂ ಅಲ್ಲ. ಹೋದ ವರ್ಷ ಹನ್ನೊಂದು ಮಕ್ಕಳು ಗಣಿತದಲ್ಲಿ ಫೇಲಾದಾಗ ಕಾರಣ ಕೇಳಿ ನೋಟೀಸು ಬಂದದ್ದು ಯಾರಿಗೆ? ಉಮೇಶ್ ಮೇಷ್ಟ್ರಿಗೆ. "ಶ್ರೇಣಿ ಪಾಠ ಮಾಡುವ ಹೊತ್ತಿಗೆ ಶಾಟ್‌ಪುಟ್ ಎಸೆಸುತ್ತಿದ್ದೆ" ಎಂದು ಉತ್ತರ ಬರೆಯಲು ಸಾಧ್ಯವೇ?

ಡಿಸೆಂಬರಿನ ಆ ಬೆಳಿಗ್ಗೆ ಎಂಟಕ್ಕೆ ಮುಖ್ಯ ಶಿಕ್ಷಕಿ ಶ್ಯಾಮಲಾ ಫೋನು ಮಾಡಿದರು.

"ಉಮೇಶ್, ಇವತ್ತಿನ ಮ್ಯಾಚ್‌ಗೆ ಜಿಲ್ಲೆಯಿಂದ ದೈಹಿಕ ಶಿಕ್ಷಣಾಧಿಕಾರಿ ರವೀಂದ್ರ ಸರ್ ಅವರೇ ಬರ್ತಾರಂತೆ. ದೈಹಿಕ ಶಿಕ್ಷಕರ ಪೋಸ್ಟು ಒಂದೇ ಒಂದು ಇರೋದು. ಕೇಳಿರೋದು ನಾವು, ಮತ್ತೆ ಬಿದಿರುಗುಡ್ಡೆಯೋರು. ಎರಡು ಶಾಲೆ ಹುಡುಗೀರೂ ಇವತ್ತು ಇಲ್ಲೇ ಆಡ್ತಾರಲ್ಲ, ನೋಡಿ ಯಾರಿಗೆ ಅಂತ ಇಲ್ಲೇ ರಿಪೋರ್ಟ್ ಬರ್ದು ಹೋಗ್ತಾರಂತೆ."

"ಬರೀಲಿ ಬಿಡಿ ಮೇಡಂ."

"ಬರೀಲಿ ಬಿಡಿ ಅಂದ್ರೆ? ಫೀಲ್ಡಲ್ಲಿ ಗೆರೆ ಇಲ್ಲ ಅಂತಾದ್ರೆ 'ಮೈದಾನವೇ ಇಲ್ಲದ ಶಾಲೆಗೆ ದೈಹಿಕ ಶಿಕ್ಷಕರು ಯಾತಕ್ಕೆ' ಅಂತ ಬರೀತಾರೆ. ರೂಲ್ ಪ್ರಕಾರ ಒಂದು ಗೆರೆ ಆಚೀಚೆ ಆಗ್ಬಾರ್ದು ನೋಡಿ. ಪೋಸ್ಟ್ ಬಂತು ಅಂದ್ರೆ ಸೋಮವಾರದಿಂದ ನೀವು ಬರೀ ಗಣಿತ."

ಬರೀ ಗಣಿತ! ಉಮೇಶ್ ಮೇಷ್ಟ್ರ ಕಣ್ಣು ತೇವವಾಯಿತು. ಆರು ವರ್ಷದಿಂದ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಸೀಟಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಅರ್ಧ ಕುಡಿದ ಕಾಫಿ ಬಿಟ್ಟು, ಬೈಕು ಹತ್ತಿ ಶಾಲೆಗೆ ಓಡಿದರು.

ಫುಟ್‌ಬಾಲಿನ ನಿಯಮಗಳನ್ನು ಅವರು ಮುದ್ರಿಸಿ ತಂದು ವಾರವಾಗಿತ್ತು. ಒಟ್ಟು ಹದಿನೇಳು. ಮೊದಲನೆಯದೇ ಗೆರೆಗಳ ಬಗ್ಗೆ. ಬೈದುಕೊಂಡೇ ಓದಲು ಕೂತವರಿಗೆ ಓದುತ್ತ ಓದುತ್ತ ಮನಸ್ಸು ಅದರಲ್ಲೇ ಇಳಿದುಬಿಟ್ಟಿತು. ಗೋಲಿನಿಂದ ಪೆನಾಲ್ಟಿ ಚುಕ್ಕೆಗೆ ಹನ್ನೊಂದು ಮೀಟರು. ಪೆನಾಲ್ಟಿ ಅಂಕಣದ ಆಳ ಹದಿನಾರೂವರೆ. ನಡುವಿನ ವೃತ್ತದ ತ್ರಿಜ್ಯ ಒಂಬತ್ತು ಪಾಯಿಂಟ್ ಒಂದು ಐದು. ಒಂದೊಂದು ಗೆರೆಗೂ ಒಂದೊಂದು ಕಾರಣ. ಸುಮ್ಮನೆ ಚೆಂದಕ್ಕೆ ಎಳೆದದ್ದು ಒಂದೂ ಇಲ್ಲ. ರೇಖಾಗಣಿತ ಇಷ್ಟು ಉಪಯೋಗಕ್ಕೆ ಬಂದದ್ದನ್ನು ಅವರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಎಳೆದರೆ ಹೀಗೇ ಎಳೆಯಬೇಕು ಎಂದು ಅವತ್ತೇ ತೀರ್ಮಾನಿಸಿದ್ದರು. ಅವರು ಕೆಟ್ಟದ್ದು ಅಲ್ಲಿಯೇ.

ಶಾಲೆಯ ತಂಡದ ಗೋಲ್‌ಕೀಪರ್ ಧನ್ಯಶ್ರೀ ಟೇಪಿನ ಒಂದು ತುದಿ ಹಿಡಿದಳು. ಮೈದಾನದ ಪೂರ್ವಕ್ಕೆ ಜಟ್ಟಿಂಗಪ್ಪನ ಗದ್ದೆ. ಮೈದಾನಕ್ಕೂ ಗದ್ದೆಗೂ ನಡುವೆ ಇದ್ದದ್ದು ಒಂದು ಸಾಲು ಕಲ್ಲು ಮಾತ್ರ. ಮೇಷ್ಟ್ರು ಆ ಕಲ್ಲಿನ ಸಾಲಿಗೆ ತಾಗಿದಂತೆ ಹಗ್ಗ ಕಟ್ಟಿ, ತೊಂಬತ್ತು ಮೀಟರಿನ ಅಂಚುಗೆರೆಯನ್ನು ಸುಣ್ಣದಲ್ಲಿ ಎಳೆದು ಮುಗಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಜಟ್ಟಿಂಗಪ್ಪ ಎದುರಿಗೆ ನಿಂತಿದ್ದರು. ಎಪ್ಪತ್ತೆರಡರ ಮುದುಕ, ಧನ್ಯಶ್ರೀಯ ಅಜ್ಜ. ಕೈಯಲ್ಲಿ ಕತ್ತಿ ಇತ್ತು. ಸೊಪ್ಪು ಕಡಿಯಲು ತಂದದ್ದೇ ಇರಬೇಕು, ಆದರೂ ಕತ್ತಿ ಕತ್ತಿಯೇ.

"ಎಂತ ಮೇಷ್ಟ್ರೇ ಇದು? ಸರ್ವೆಯೋರು ಬಂದಿದ್ರಾ?"

ಆ ಕಡೆಯ ಜನಕ್ಕೆ ನೆಲದ ಮೇಲಿನ ಬಿಳೀ ಗೆರೆಗೆ ಇರುವುದು ಒಂದೇ ಅರ್ಥ. ಯಾರೋ ಟೇಪು ಹಿಡಿದು ಬರುತ್ತಾರೆ, ಸುಣ್ಣ ಸುರಿಯುತ್ತಾರೆ, ಹೋಗುತ್ತಾರೆ. ಆಮೇಲೆ ಕಾಗದ ಬರುತ್ತದೆ. ಅಣೆಕಟ್ಟಿಗೆ ಹೀಗೇ ಗೆರೆ ಬಿದ್ದದ್ದು, ರಸ್ತೆಗೆ ಹೀಗೇ ಬಿದ್ದದ್ದು, ಒತ್ತುವರಿ ಬಿಡಿಸುವಾಗಲೂ ಹೀಗೇ ಬಿದ್ದದ್ದು. ಗೆರೆ ಬಿದ್ದ ಮೇಲೆ ನೆಲ ಮೊದಲಿನಷ್ಟೇ ಉಳಿದದ್ದನ್ನು ಜಟ್ಟಿಂಗಪ್ಪ ತಮ್ಮ ಜನ್ಮದಲ್ಲಿ ಕಂಡವರಲ್ಲ.

"ಸರ್ವೆ ಅಲ್ಲ ಜಟ್ಟಿಂಗಪ್ಪ, ಫುಟ್‌ಬಾಲ್ ಗೆರೆ. ಬಾಲು ಹೊರಗೆ ಹೋಯ್ತಾ ಒಳಗಿದೆಯಾ ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ."

"ಹಂಗಾ. ಈ ಗೆರೆ ಯಾರಿಗೆ ಸೇರಿದ್ದು?"

ಯಾರಿಗೂ ಸೇರಿದ್ದಲ್ಲ ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಲೋಕದಲ್ಲಿ ಬದುಕಲು ಕಲಿತವರು ಹಾಗೆಯೇ ಹೇಳುತ್ತಾರೆ. ಉಮೇಶ್ ಮೇಷ್ಟ್ರು ಗಣಿತದವರು. ಪ್ರಶ್ನೆ ಕೇಳಿದರೆ ಸರಿ ಉತ್ತರ ಕೊಡದೆ ಅವರಿಗೆ ಇರಲು ಆಗುವುದಿಲ್ಲ. ಜೇಬಿನಿಂದ ಕಾಗದ ತೆಗೆದೇ ಓದಿದರು.

"ಗೆರೆ ಯಾವ ಜಾಗವನ್ನು ಸುತ್ತುವರಿದಿದೆಯೋ ಆ ಜಾಗಕ್ಕೇ ಸೇರಿದ್ದು. ಅಂದ್ರೆ ಈ ಗೆರೆಯೂ ಮೈದಾನಕ್ಕೇ ಸೇರಿದ್ದು."

"ಅಗಲ ಎಷ್ಟು?"

"ಹನ್ನೆರಡು ಸೆಂಟಿಮೀಟರ್."

"ಉದ್ದ?"

"ತೊಂಬತ್ತು ಮೀಟರ್."

"ಒಟ್ಟು ಎಷ್ಟಾತು?"

"ಹತ್ತು ಪಾಯಿಂಟ್ ಎಂಟು ಚದರ ಮೀಟರ್. ಗುಂಟೆಗೆ ಹದಿನಾರು ಆಣೆ ಅಂತ ಹಿಡಿದ್ರೆ, ಸುಮಾರು ಒಂದು ಮುಕ್ಕಾಲು ಆಣೆ ಜಾಗ," ಎಂದು ಮೇಷ್ಟ್ರು ಬಾಯಿಲೆಕ್ಕದಲ್ಲೇ ಹೇಳಿ ಮುಗಿಸಿದ ಮೇಲೆ ತಾವು ಹೇಳಿದ್ದೇನು ಎಂದು ಅವರಿಗೆ ಹೊಳೆಯಿತು.

ಜಟ್ಟಿಂಗಪ್ಪ ಕತ್ತಿಯನ್ನು ಬದಿಗಿಟ್ಟು ಗೆರೆಯ ಮೇಲೇ ಚಕ್ಕಳಮಕ್ಕಳ ಹಾಕಿ ಕೂತರು.

"ನಮ್ಮಪ್ಪ ಈ ಜಾಗಕ್ಕೆ ಟ್ರಿಬ್ಯುನಲ್ಲಿಗೆ ಆರು ವರ್ಷ ನಡ್ದಿದ್ದು ಮೇಷ್ಟ್ರೇ. ಸಾಗರದ ತನಕ ನಡ್ಕೊಂಡೇ ಹೋಗಿ ಬರ್ತಿದ್ದ. ಕಲ್ಲಿಗೆ ತಾಗಿ ಗೆರೆ ಎಳೀತೀರಿ, ಗೆರೆ ನಮ್ದೇ ಅಂತೀರಿ. ನಾಳೆ ಕಲ್ಲೂ ನಿಮ್ದೇ ಅಂತೀರಿ. ಒಂದು ಮುಕ್ಕಾಲು ಆಣೆ! ನಾ ಏಳಾಕಿಲ್ಲ."

"ಕಲ್ಲಿನ ಈಚೆಗೇ ಎಳೆದಿದೀನಲ್ರೀ! ನಿಮ್ಮ ಗದ್ದೆ ಒಂದು ಹುಲ್ಲುಕಡ್ಡಿಯಷ್ಟೂ ಒಳಗೆ ಬಂದಿಲ್ಲ!"

"ಈವತ್ತು ಬಂದಿಲ್ಲ."

ಧನ್ಯಶ್ರೀ ಅಳುವ ದನಿಯಲ್ಲಿ, "ಅಜ್ಜಾ, ಗೆರೆ ಇಲ್ದಿದ್ರೆ ನಾನು ಕೈಯಲ್ಲಿ ಬಾಲ್ ಹಿಡಿಯಂಗೇ ಇಲ್ಲ. ಪೆನಾಲ್ಟಿ ಬಾಕ್ಸ್ ಒಳಗೆ ಇದ್ರೆ ಮಾತ್ರ ಗೋಲಿ, ಅಂದ್ರೆ ಗೋಲ್‌ಕೀಪರ್, ಕೈ ಹಚ್ಬೌದು," ಎಂದಳು. ಮುದುಕ ಮೊಮ್ಮಗಳ ಮುಖ ನೋಡಿ ಸ್ವಲ್ಪ ಮೆತ್ತಗಾದರು. ಆದರೆ ಷರತ್ತು ಹಾಕದೆ ಏಳಲಿಲ್ಲ. ಗೆರೆ ಕಲ್ಲಿನಿಂದ ಒಂದು ಗೇಣು ಹಿಂದೆ ಹೋಗಬೇಕು. ಗೆರೆಯ ಹೊರ ಅಂಚಿನಿಂದ ಆಚೆಗೆ ಶಾಲೆಗೆ ಯಾವ ಹಕ್ಕೂ ಇಲ್ಲ ಎಂದು ಸೀಲು ಒತ್ತಿದ ಕಾಗದ ಬೇಕು.

ಒಂದು ಗೇಣು! ಗೋಲುಕಂಬಗಳನ್ನು ಸಿಮೆಂಟು ಹಾಕಿ ಮೈದಾನದ ನಟ್ಟನಡುವೆ ನೆಟ್ಟಿದ್ದರಿಂದ, ಇತ್ತ ಒಂದು ಗೇಣು ಸರಿದರೆ ಅತ್ತಲೂ ಒಂದು ಗೇಣು ಸರಿಯಬೇಕು. ನೂರ ಎಂಬತ್ತು ಮೀಟರು ಗೆರೆ ಮತ್ತೆ ಎಳೆಯಬೇಕು. ಬೇರೆ ಯಾರಾದರೂ ಆಗಿದ್ದರೆ ಒಂದೇ ಕಡೆ ಸರಿಸಿ ಕೈತೊಳೆದುಕೊಳ್ಳುತ್ತಿದ್ದರು. ಉಮೇಶ್ ಮೇಷ್ಟ್ರು ಎರಡೂ ಕಡೆ ಅಳಿಸಿ, ಎರಡೂ ಕಡೆ ಎಳೆದರು. ಶ್ಯಾಮಲಾ ಮೇಡಂ ಸೀಲು ಒತ್ತಿದರು. ಜಟ್ಟಿಂಗಪ್ಪ ಕಾಗದವನ್ನು ಎರಡು ಸಲ ಓದಿಸಿ ಕೇಳಿ, ಮಡಿಸಿ, ಟೋಪಿಯೊಳಗೆ ಇಟ್ಟುಕೊಂಡರು. ಮನೆಗೆ ಹೋದರೇ? ಇಲ್ಲ. ಕಾವಲಿಗೆ ಅಲ್ಲೇ ನಿಂತರು.

"ಬಾಲು ಗೆರೆ ಮೇಲಿದ್ರೆ ಯಾರ ಕಡೆ ಲೆಕ್ಕ?" ಎಂದು ಕೇಳಿದರು.

"ಒಳಗೇ ಲೆಕ್ಕ. ಬಾಲು ಪೂರ್ತಿ, ಅಂದ್ರೆ ಪೂರ್ತಿ, ಗೆರೆ ದಾಟಿದ್ರೆ ಮಾತ್ರ ಹೊರಗೆ. ನೆಲದ ಮೇಲಾದ್ರೂ ಸರಿ, ಗಾಳಿಯಲ್ಲಾದ್ರೂ ಸರಿ."

"ಪೂರ್ತಿ ದಾಟಿದ್ರೆ ನನ್ನ ಗಡಿ. ಸರಿ, ಇದು ನ್ಯಾಯ," ಎಂದು ಮುದುಕ ಒಪ್ಪಿದರು.

ಗಂಟೆ ಹನ್ನೊಂದೂವರೆ. ನಡುವಿನ ವೃತ್ತಕ್ಕೆ ಮೇಷ್ಟ್ರು ಗೂಟ ಹೊಡೆದು ಹಗ್ಗ ಕಟ್ಟಿ ಸುತ್ತು ಹೊರಟರು. ನೈಲಾನ್ ಹಗ್ಗ ಒಂದೊಂದು ಕಡೆ ಒಂದೊಂದು ಥರ ಜಗ್ಗಿ, ವೃತ್ತ ಹಲಸಿನ ಹಣ್ಣಿನ ಆಕಾರಕ್ಕೆ ಬಂತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬಿಸಿಯೂಟದ ಹುಲಿಗೆಮ್ಮನಿಗೆ ತಡೆಯಲಾಗಲಿಲ್ಲ. ಸೌಟು ಹಿಡಿದೇ ಬಂದರು.

"ಗಂಡಸ್ರು ರಂಗೋಲಿಗೆ ಕೈ ಹಚ್ಚಿದ್ರೆ ಹಿಂಗೇ ಸಾರ್. ಸರೀರಿ ಆಚೆಗೆ."

"ಇದು ರಂಗೋಲಿ ಅಲ್ಲ ಹುಲಿಗೆಮ್ಮ! ಆಟ ಶುರುವಾಗುವಾಗ ಒದೆಯೋರು ನಡುವೆ ಇರ್ತಾರೆ. ಎದುರು ಪಾರ್ಟಿಯೋರು ಈ ವೃತ್ತದ ಹೊರಗೇ ನಿಲ್ಬೇಕು. ಒಂಬತ್ತು ಪಾಯಿಂಟ್ ಒಂದು ಐದು ಮೀಟರ್, ಹಳೇ ಲೆಕ್ಕದಲ್ಲಿ ಹತ್ತು ಗಜ."

"ಗೊತ್ತಾತು. ಅನ್ನದ ಪಾತ್ರೆ ಎದುರಿಗೆ ನಾ ಇದ್ಲಲ್ಲಿ ಗೆರೆ ಹಾಕಲ್ವಾ, ಹುಡುಗ್ರು ಮೈಮೇಲೆ ಬೀಳಬಾರ್ದು ಅಂತ? ಹಂಗೇ ಇದು."

ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ವಿದ್ಯಾರ್ಥಿ ಮೇಷ್ಟ್ರಿಗೆ ಆ ವರ್ಷ ಸಿಕ್ಕಿರಲಿಲ್ಲ. ಹುಲಿಗೆಮ್ಮ ಬಾವಿಯ ತೆಂಗಿನ ನಾರಿನ ಹಗ್ಗ ತಂದು ಅಳತೆ ಕೊಡಿಸಿಕೊಂಡರು. ಮುಷ್ಟಿಯಿಂದ ಸುಣ್ಣ ಬಿಡುತ್ತ ಒಂದೇ ಸುತ್ತಿಗೆ ವೃತ್ತ ಮುಗಿಸಿದರು. ಕೈವಾರದಲ್ಲಿ ಎಳೆದರೂ ಅಷ್ಟು ಗುಂಡಗೆ ಬರುತ್ತಿರಲಿಲ್ಲ. ಮೇಷ್ಟ್ರು ಸಂತೋಷದಿಂದ ಉತ್ತರದ ಗೋಲಿನ ಕಡೆ ಹೋದರು.

ಅವರು ಅಲ್ಲಿ ಪೆನಾಲ್ಟಿ ಅಂಕಣ ಎಳೆದು, ಅದರ ಮುಂದೆ ಕಮಾನು ಬರೆದು ತಿರುಗಿ ನೋಡಿದರೆ, ನಡುವಿನ ವೃತ್ತದೊಳಗೆ ಎಂಟೆಸಳಿನ ಕಮಲ ಅರಳಿತ್ತು. ಎಸಳಿಗೆ ಅರಿಶಿನ, ನಡುವೆ ಕುಂಕುಮ.

"ಹುಲಿಗೆಮ್ಮಾ! ಎಂತದು ಇದು?"

"ಅಷ್ಟು ದೊಡ್ಡ ಸುತ್ತು ಹಾಕಿ ನಡುವೆ ಬರಿದು ಬಿಟ್ರೆ ಚೆಂದ ಕಾಣ್ತದಾ ಸಾರ್? ಸಾಹೇಬ್ರು ಬೇರೆ ಬರ್ತಾರೆ."

"ಸಾಹೇಬರು ಆರತಿ ಎತ್ತಿಸ್ಕೊಳ್ಳೋಕೆ ಬರ್ತಿಲ್ಲ! ಇಲ್ಲಿ ಬಾಲ್ ಇಡ್ಬೇಕು. ನಿಯಮದಲ್ಲಿ ಇಲ್ಲದ ಒಂದು ಗೀಟೂ ಇರಬಾರ್ದು!"

ಮೇಷ್ಟ್ರು ತಾವೇ ಪೊರಕೆ ಹಿಡಿದು ಕಮಲ ಗುಡಿಸಿದರು. ಹುಲಿಗೆಮ್ಮ ಸೌಟು ಎತ್ತಿಕೊಂಡು ಅಡುಗೆಮನೆಗೆ ಹೋದರು. ಅವತ್ತು ಮಧ್ಯಾಹ್ನ ಶಾಲೆಯಲ್ಲಿ ಎಲ್ಲರಿಗೂ ಸಾರು ಸಿಕ್ಕಿತು, ಉಮೇಶ್ ಮೇಷ್ಟ್ರ ಪಾಲಿಗೆ ಪಾತ್ರೆ ತೊಳೆದಾಗಿತ್ತು.

ಹಸಿದ ಹೊಟ್ಟೆಯಲ್ಲಿ ಮೈದಾನಕ್ಕೆ ಮರಳಿದರೆ ಉತ್ತರದ ಕಡೆಯ ಕಮಾನೇ ಇಲ್ಲ! ಅಲ್ಲಿ ಪೊರಕೆ ಹಿಡಿದು ನಿಂತಿದ್ದವರು ಕನ್ನಪ್ಪ, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು. ಗದ್ದೆ, ಟ್ರ್ಯಾಕ್ಟರು, ಗೊಬ್ಬರದ ಅಂಗಡಿ ಎಲ್ಲ ಇದ್ದು, ಎಲ್ಲದರ ಬಗ್ಗೆಯೂ ಗೊತ್ತಿದ್ದವರು.

"ಬಂದ್ರಾ ಮೇಷ್ಟ್ರೇ? ಒಂದು ತಪ್ಪಾಗಿತ್ತು, ನಾನೇ ಸರಿ ಮಾಡ್ದೆ. ಬಾಕ್ಸಿನ ಹೊರಗೆ ಹೊಟ್ಟೆ ಬಂದಂಗೆ ಒಂದು ಗೆರೆ ಬಿದ್ದಿತ್ತು. ಸಾಹೇಬ್ರು ನೋಡಿದ್ರೆ ನಗಾಡ್ತಿದ್ರು."

ಉಮೇಶ್ ಮೇಷ್ಟ್ರು ಸಿಟ್ಟಿನಿಂದ ಪೊರಕೆ ಕಿತ್ತುಕೊಂಡರು. ಈ ನಾಡಿನಲ್ಲಿ ಯಾರಿಗೂ ತನಗೆ ಗೊತ್ತಿಲ್ಲ ಎಂಬುದೊಂದು ಗೊತ್ತಿರುವುದಿಲ್ಲ. ಡಾಕ್ಟರಿಗೆ ಔಷಧಿ ಹೇಳುತ್ತಾರೆ, ಡ್ರೈವರಿಗೆ ಗೇರು ಹೇಳುತ್ತಾರೆ. ಒಂದು ಗಂಟೆ ಬಗ್ಗಿ ಬರೆದ ಕಮಾನನ್ನು ಎರಡು ನಿಮಿಷದಲ್ಲಿ ಗುಡಿಸಿ, ಮೇಲಿಂದ ಉಪಕಾರ ಮಾಡಿದೆ ಎನ್ನುತ್ತಾರೆ!

"ಅದು ತಪ್ಪಲ್ಲ ಕನ್ನಪ್ಪನೋರೇ! ಅದೇ ಸರಿ!"

"ನಾನು ಟೀವೀಲಿ ವರ್ಲ್ಡ್‌ಕಪ್ ಒಂದೂ ಬಿಟ್ಟಿಲ್ಲ ಮೇಷ್ಟ್ರೇ. ಆ ಗೆರೆ ದಂಡಕ್ಕೆ ಅದೆ. ಆಡೋರು ಯಾರೂ ಅದರ ಕಡೆ ನೋಡಾದೇ ಇಲ್ಲ."

ಮೇಷ್ಟ್ರು ಅಧ್ಯಕ್ಷರ ರಟ್ಟೆ ಹಿಡಿದು ಎಳೆದೊಯ್ದು ಪೆನಾಲ್ಟಿ ಚುಕ್ಕೆಯ ಮೇಲೆ ನಿಲ್ಲಿಸಿದರು.

"ಇಲ್ಲಿಂದ ಬಾಕ್ಸಿನ ಎದುರು ಗೆರೆ ಎಷ್ಟು ದೂರ? ಐದೂವರೆ ಮೀಟರ್. ಪೆನಾಲ್ಟಿ ಒದೆಯುವಾಗ ಒದೆಯೋರು, ಗೋಲಿ ಬಿಟ್ಟು ಉಳಿದೋರೆಲ್ಲ ಬಾಕ್ಸಿನ ಹೊರಗೆ, ಚುಕ್ಕೆಯಿಂದ ಹತ್ತು ಗಜ ದೂರ ಇರ್ಬೇಕು. ಬಾಕ್ಸಿನ ಎದುರಿಗೆ ನಿಂತ್ರೆ ಹೊರಗಿದ್ದಂಗಾಯ್ತು, ಆದ್ರೆ ಹತ್ತು ಗಜ ಆಯ್ತಾ?"

ಕನ್ನಪ್ಪ ನೋಡಿದರು. "ಇಲ್ಲ."

"ಅದಕ್ಕೇ ಈ ಚುಕ್ಕೆಯಿಂದ ಹತ್ತು ಗಜದ ವೃತ್ತ. ಬಾಕ್ಸಿನ ಒಳಗಿನ ಭಾಗ ಬೇಡ, ಹೊರಗೆ ಬಂದ ತುಂಡು ಮಾತ್ರ ಸಾಕು. ಇದರ ಹೊರಗೆ ನಿಲ್ಲಿ ಅಂತ ಹೇಳೋದಕ್ಕೇ ಆ ಹೊಟ್ಟೆ. ಇದಕ್ಕೆ ಬೇರೆ ಕೆಲಸವೇ ಇಲ್ಲ!"

ಕನ್ನಪ್ಪ ಚುಕ್ಕೆಯಿಂದ ಬಾಕ್ಸಿನ ಗೆರೆಯವರೆಗೆ ಹೆಜ್ಜೆ ಹಾಕಿ ಎಣಿಸಿದರು. ಆಮೇಲೆ, "ಇಷ್ಟು ವರ್ಷ ಟೀವಿ ನೋಡ್ದೆ, ಒಬ್ಬ ಕಾಮೆಂಟ್ರಿಯವ್ನೂ ಇದನ್ನ ಬಿಡಿಸಿ ಹೇಳ್ಲಿಲ್ಲ ನೋಡಿ," ಎಂದರು. ಪ್ರಾಯಶ್ಚಿತ್ತಕ್ಕೆ ಸುಣ್ಣದ ಬುಟ್ಟಿ ತಾವೇ ಹೊತ್ತರು. ಹಾಗೆ ಹೊತ್ತುಕೊಂಡು ನಡುಗೆರೆ ಯಾಕೆ, ಆಫ್‌ಸೈಡ್ ಅಂದರೇನು ಎಂದು ಒಂದೊಂದನ್ನೂ ಕೇಳಿ ಕೇಳಿ ಮೇಷ್ಟ್ರ ಉಳಿದ ಪ್ರಾಣವನ್ನೂ ಹಿಂಡಿದರು.

ಎರಡೂ ಮುಕ್ಕಾಲಿಗೆ ಕೊನೆಯ ಗೆರೆ ಮುಗಿಯಿತು. ನಾಲ್ಕು ಮೂಲೆಗೂ ಬಿದಿರು ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನೆಟ್ಟದ್ದಾಯಿತು. ಮೇಷ್ಟ್ರ ಹುಬ್ಬು, ಮೀಸೆ, ಕಿವಿ ಎಲ್ಲ ಬೆಳ್ಳಗಾಗಿದ್ದವು. ಮೈದಾನ ಮಾತ್ರ ಪಠ್ಯಪುಸ್ತಕದ ಚಿತ್ರದ ಹಾಗೆ ಬಿದ್ದುಕೊಂಡಿತ್ತು.

ಬಿದಿರುಗುಡ್ಡೆಯ ಹುಡುಗಿಯರು ನಗರದ ದಾರಿಯಿಂದ ಟೆಂಪೋದಲ್ಲಿ ಬಂದಿಳಿದರು. ಜೊತೆಗೆ ಅವರ ಟೀಚರ್ ಜ್ಯೋತಿಲಕ್ಷ್ಮಿ. ಪಾಠ ಮಾಡುವುದು ಹಿಂದಿ; ಅವರ ಶಾಲೆಯಲ್ಲೂ ದೈಹಿಕ ಶಿಕ್ಷಕರಿಲ್ಲದೆ ಸೀಟಿ ಅವರ ಕೊರಳಿಗೆ ಬಿದ್ದಿತ್ತು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಕೊಡೆ. ಹಿಂದೆಯೇ ಜೀಪಿನಲ್ಲಿ ರವೀಂದ್ರ ಬಂದರು. ಜ್ಯೋತಿಲಕ್ಷ್ಮಿ ಅವರ ಎದುರಿಗೇ ಕಣ್ಣರಳಿಸಿ ಕೇಳಿದರು:

"ಅಬ್ಬಬ್ಬಾ, ಎಷ್ಟೊಂದು ಗೆರೆ ಸಾರ್! ಆ ಚುಕ್ಕೆ ಎಂತಕ್ಕೆ?"

"ಪೆನಾಲ್ಟಿ ಚುಕ್ಕೆ ಮೇಡಂ," ಎಂದರು ಉಮೇಶ್, ಕನಿಕರದಿಂದ.

"ಹೌದಾ? ಹೋದ ವಾರ ನಮ್ಮಲ್ಲಿ ಆಟ ಇದ್ದಾಗ ನಾ ಅದನ್ನ ಹಾಕ್ಲೇ ಇಲ್ಲ. ಗೋಲಿ ಅನ್ನೋಳು ಎಲ್ಲಿ ಬೇಕಾದ್ರೂ ಕೈಯಲ್ಲಿ ಹಿಡೀಬೌದಲ್ದಾ?"

ರವೀಂದ್ರ ಹಣೆ ಚಚ್ಚಿಕೊಂಡರು. ಉಮೇಶ್ ಮೇಷ್ಟ್ರಿಗೆ ಒಳಗೊಳಗೇ ಖುಷಿಯಾಯಿತು. ಇಂಥವರ ಎದುರು ಹುದ್ದೆ ತಮಗೆ ಬರದೆ ಎಲ್ಲಿಗೆ ಹೋಗುತ್ತದೆ? ಬಾಯಿ ತುಂಬ ವಿವರಿಸಿದರು. ಆಕೆ ಕೇಳಿದಷ್ಟೂ ವಿವರಿಸಿದರು.

ರವೀಂದ್ರರೇ ರೆಫರಿ ಆಗಬೇಕಿತ್ತು. ಆದರೆ ಮಂಡಿ ನೋವು ಎಂದು ಕುರ್ಚಿ ಹಾಕಿಸಿಕೊಂಡು ಕೂತರು. "ನಿಯಮ ಗೊತ್ತಿರೋರು ನೀವೇ ಕಾಣ್ತೀರಿ, ನೀವೇ ಊದಿ," ಎಂದರು. ಆತಿಥೇಯ ಶಾಲೆಯವರು ಊದಬಹುದೇ ಎಂದು ಉಮೇಶ್ ಅನುಮಾನಿಸಿದಾಗ ಜ್ಯೋತಿಲಕ್ಷ್ಮಿ, "ನಂದೇನೂ ಅಭ್ಯಂತರ ಇಲ್ಲ. ನಂಗೆ ಎಂತದೂ ಗೊತ್ತಾಗದಿಲ್ಲ," ಎಂದರು.

ಆಟ ಶುರುವಾಯಿತು. ಬಾಲು ಪೂರ್ವದ ಅಂಚಿಗೆ ಹೋದಾಗಲೆಲ್ಲ ಜಟ್ಟಿಂಗಪ್ಪ ಗೆರೆಯ ಪಕ್ಕ ಬಗ್ಗಿ ಕೂಗುತ್ತಿದ್ದರು: "ದಾಟಿಲ್ಲ! ಇನ್ನೂ ಗೆರೆ ಮೇಲೇ ಅದೆ! ಗೆರೆ ಮೈದಾನಕ್ಕೇ ಸೇರಿದ್ದು!" ಪೂರ್ತಿ ದಾಟಿದರೆ ಬಾಲನ್ನು ಎತ್ತಿ ಹಿಡಿದು, ತಮ್ಮ ಗಡಿಗೆ ಬಂದದ್ದನ್ನು ಎಲ್ಲರಿಗೂ ತೋರಿಸಿಯೇ ಕೊಡುತ್ತಿದ್ದರು. ಒಮ್ಮೆ ಬಾಲು ರಭಸದಿಂದ ಜ್ಯೋತಿಲಕ್ಷ್ಮಿಯ ಕಡೆ ಹಾರಿತು. ಆಕೆ ಕೊಡೆ ಮಡಿಸದೆ ಕಾಲು ಮುಂದಿಟ್ಟರು, ಬಾಲು ಕಾಲಡಿಯಲ್ಲೇ ನಿಂತುಬಿಟ್ಟಿತು. ಪಾಪ, ಪೆಟ್ಟಾಗಲಿಲ್ಲವಲ್ಲ ಎಂದುಕೊಂಡರು ಉಮೇಶ್.

ಮೊದಲರ್ಧದಲ್ಲಿ ಕಾನ್‌ಬೈಲು ಒಂದು ಗೋಲು ಹೊಡೆಯಿತು. ಆಟ ಮುಗಿಯಲು ನಾಲ್ಕು ನಿಮಿಷ ಇರುವಾಗ ಎದುರಾಳಿ ಹುಡುಗಿಯೊಬ್ಬಳು ಪೆನಾಲ್ಟಿ ಅಂಕಣದ ಗೆರೆಯ ಮೇಲೆ, ಸರಿಯಾಗಿ ಗೆರೆಯ ಮೇಲೆ, ಕಾನ್‌ಬೈಲಿನವರ ಕಾಲು ತೊಡರಿ ಬಿದ್ದಳು. ಉಮೇಶ್ ಮೇಷ್ಟ್ರು ಒಂದು ಕ್ಷಣ ನಿಂತರು. ಹೊರಗೆ ಎಂದರೆ ಬರೀ ಫ್ರೀ ಕಿಕ್, ಯಾರೂ ಕೇಳುತ್ತಿರಲಿಲ್ಲ. ಆದರೆ ಆ ಗೆರೆಯನ್ನು ಎಳೆದ ಕೈ ಅವರದೇ. ಸೀಟಿ ಊದಿ ಚುಕ್ಕೆಯ ಕಡೆ ಬೆರಳು ತೋರಿಸಿದರು.

"ಸ್ವಂತ ಶಾಲೆಗೆ ದ್ರೋಹ!" ಎಂದು ಯಾರೋ ಕಿರುಚಿದರು.

"ಬಾಯ್ಮುಚ್ಚು!" ಎಂದು ಜಟ್ಟಿಂಗಪ್ಪ ಗುಡುಗಿದರು. "ಗೆರೆ ಮೇಲೆ ಆದದ್ದು ಒಳಗೇ ಆದಂಗೆ. ಸೀಲ್ ಒತ್ತಿದ ಕಾಗದ ಅದೆ ನನ್ ಹತ್ರ!"

ಧನ್ಯಶ್ರೀ ಬಲಕ್ಕೆ ಹಾರಿ ಪೆನಾಲ್ಟಿ ತಡೆದಳು. ಕಾನ್‌ಬೈಲು ಗೆದ್ದಿತು. ಜನ ಕುಣಿದರು, ಉಮೇಶ್ ಮೇಷ್ಟ್ರು ಕಣ್ಣೊರೆಸಿಕೊಂಡರು. ಸೋಮವಾರ ಮೊದಲ ಪೀರಿಯಡ್ಡಿಗೆ ಸೈನ್, ಕಾಸ್, ಟ್ಯಾನ್.

ರವೀಂದ್ರ ಕುರ್ಚಿಯಿಂದ ಎದ್ದು ಟೇಪು ಹಿಡಿದು ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಅಳೆದರು. ತಪ್ಪು ಸಿಗಲಿಲ್ಲ. ಕಮಾನಿನ ಹತ್ತಿರ ಬಂದಾಗ ಕನ್ನಪ್ಪ ಮುಂದೆ ಬಿದ್ದು ಅದರ ಕಾರಣವನ್ನು ಹತ್ತು ಗಜ, ಐದೂವರೆ ಮೀಟರು ಸಮೇತ ಒಪ್ಪಿಸಿದರು. ನಡುವೃತ್ತದ ಹತ್ತಿರ ಹುಲಿಗೆಮ್ಮ ಅನ್ನದ ಪಾತ್ರೆಯ ಉದಾಹರಣೆ ಕೊಟ್ಟರು. ಅಂಚುಗೆರೆಯ ಹತ್ತಿರ ಜಟ್ಟಿಂಗಪ್ಪ ಗೆರೆ ಯಾರಿಗೆ ಸೇರಿದ್ದೆಂದು ಬಿಡಿಸಿ ಹೇಳಿದರು. "ನಿಮಗೆಲ್ಲ ಇದನ್ನ ಕಲಿಸಿದ್ದು ಯಾರು?" ಎಂದರು ರವೀಂದ್ರ.

"ಇನ್ಯಾರು, ನಮ್ ಉಮೇಶ್ ಮೇಷ್ಟ್ರು!" ಎಂದು ಮೂವರೂ ಒಟ್ಟಿಗೆ ಹೇಳಿದರು. ಶ್ಯಾಮಲಾ ಮೇಡಂ, "ಆರು ವರ್ಷದಿಂದ ಎಲ್ಲ ಅವರೇ ನೋಡ್ಕೊಳ್ತಾರೆ ಸರ್, ಒಂದು ದಿನ ತಕರಾರಿಲ್ಲ," ಎಂದು ಸೇರಿಸಿದರು.

ರವೀಂದ್ರ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಅಲ್ಲೇ ಬರೆದು, ಗಟ್ಟಿಯಾಗಿ ಓದಿದರು: "ಕಾನ್‌ಬೈಲು ಶಾಲೆಯಲ್ಲಿ ಗಣಿತ ಶಿಕ್ಷಕರೇ ದೈಹಿಕ ಶಿಕ್ಷಣವನ್ನು ಅತ್ಯುತ್ತಮವಾಗಿ ನಿರ್ವಹಿಸುತ್ತಿದ್ದು, ಗ್ರಾಮಸ್ಥರಿಗೂ ನಿಯಮಗಳ ಅರಿವು ಮೂಡಿಸಿದ್ದಾರೆ. ಪ್ರತ್ಯೇಕ ಹುದ್ದೆಯ ಅಗತ್ಯ ಕಂಡುಬರುವುದಿಲ್ಲ. ಬಿದಿರುಗುಡ್ಡೆ ಶಾಲೆಯಲ್ಲಿ ತಿಳಿದವರು ಯಾರೂ ಇಲ್ಲವಾದ್ದರಿಂದ ಹುದ್ದೆಯನ್ನು ಅಲ್ಲಿಗೆ ನೀಡಲು ಶಿಫಾರಸು ಮಾಡಿದೆ."

ಜನ ಚಪ್ಪಾಳೆ ತಟ್ಟಿದರು. ಹೊಗಳಿಕೆಯ ಭಾಗ ಮಾತ್ರ ಅವರಿಗೆ ಕೇಳಿಸಿತ್ತು.

"ಸರ್!" ಉಮೇಶ್ ಮೇಷ್ಟ್ರ ದನಿ ಕೀರಲಾಯಿತು. "ನಂಗೆ ಎಂತದೂ ಗೊತ್ತಿಲ್ಲ ಸರ್! ಎಲ್ಲ ಅಂದಾಜಲ್ಲಿ ಮಾಡಿದ್ದು. ಆಫ್‌ಸೈಡ್ ಅಂದ್ರೇನು ಅಂತ್ಲೇ ಗೊತ್ತಿಲ್ಲ!"

"ಸುಳ್ಳು ಸರ್," ಎಂದರು ಕನ್ನಪ್ಪ ಅಭಿಮಾನದಿಂದ. "ಮಧ್ಯಾಹ್ನ ಮೂರು ಸಲ ಬಿಡಿಸಿ ಹೇಳಿದ್ರು. ನಮ್ ಮೇಷ್ಟ್ರಿಗೆ ದೊಡ್ಡಸ್ತಿಕೆ ಅನ್ನೋದೇ ಇಲ್ಲ."

"ಅದೇ ದೊಡ್ಡ ಗುಣ," ಎಂದು ರವೀಂದ್ರ ಬೆನ್ನು ತಟ್ಟಿದರು. "ಹಾಂ, ಬಿದಿರುಗುಡ್ಡೆಗೆ ಹೊಸಬರು ಬರೋ ತನಕ ವಾರಕ್ಕೆ ಎರಡು ದಿನ ನೀವೇ ಅಲ್ಲಿಗೂ ಹೋಗಿ ಬನ್ನಿ. ಆರ್ಡರ್ ಕಳಿಸ್ತೀನಿ."

ಜೀಪು ಹೊರಟುಹೋಯಿತು. ಊರವರು ಶ್ಯಾಮಲಾ ಮೇಡಂ ಜೊತೆ ಫೋಟೋಕ್ಕೆ ನಿಂತರು. ಉಮೇಶ್ ಮೇಷ್ಟ್ರು ಮೂಲೆಯ ಬಾವುಟದ ಬಳಿ ಕುಕ್ಕರಿಸಿದರು. ಯಾರನ್ನು ಬೈಯುವುದು, ಎಲ್ಲಿಂದ ಶುರು ಮಾಡುವುದು ತಿಳಿಯಲಿಲ್ಲ. ಸೊಟ್ಟ ಎಳೆದವರಿಗೆ ಸಹಾಯ, ನೆಟ್ಟಗೆ ಎಳೆದವರಿಗೆ ಇನ್ನೊಂದು ಮೈದಾನ! ಇದು ಯಾವ ನಿಯಮದ ಪುಸ್ತಕದಲ್ಲಿದೆ?

ಜ್ಯೋತಿಲಕ್ಷ್ಮಿ ಹುಡುಗಿಯರನ್ನು ಟೆಂಪೋ ಹತ್ತಿಸಿ ಅವರ ಬಳಿ ಬಂದರು. ಬಾವುಟದ ಕೋಲನ್ನು ಕೊಡೆಯ ತುದಿಯಿಂದ ಮೆಲ್ಲಗೆ ಬಡಿದರು.

"ಒಂದು ಮಾತು ಸಾರ್, ಬೇಜಾರು ಮಾಡ್ಕಬೇಡಿ. ಈ ಕೋಲು ಗಿಡ್ಡ ಆಯ್ತು. ಒಂದೂವರೆ ಮೀಟರಿಗಿಂತ ಕಮ್ಮಿ ಇರಂಗಿಲ್ಲ. ಓಡಿ ಬಂದೋರು ಇದರ ಮೇಲೆ ಬಿದ್ರೆ ಚುಚ್ಚಿಬಿಡ್ತದೆ, ಅದಕ್ಕೇ ಆ ರೂಲು. ನಿಮ್ದು ನಾಕೂ ಒಂದೂಕಾಲು ಇರ್ಬೌದು ಅಷ್ಟೆ. ರವೀಂದ್ರ ಸರ್‌ಗೂ ಕಾಣ್ಲಿಲ್ಲ."

ಉಮೇಶ್ ಮೇಷ್ಟ್ರು ತಲೆಯೆತ್ತಿದರು. "ನಿಮಗೆ ಹೆಂಗೆ ಗೊತ್ತು?"

"ಮೂರು ವರ್ಷ ಯೂನಿವರ್ಸಿಟಿ ಟೀಮಲ್ಲಿ ಆಡಿದೀನಿ ಸಾರ್. ಕೊನೇ ವರ್ಷ ಕ್ಯಾಪ್ಟನ್." ಆಕೆ ಕೊಡೆ ಬಿಚ್ಚಿದರು. "ಎಂತ ಮಾಡೂದು ಹೇಳಿ. ಹತ್ತನೇ ಕ್ಲಾಸಿನ ಹಿಂದಿ ಅರ್ಧಕ್ಕರ್ಧ ಉಳಿದದೆ."

"ಅಲ್ರೀ, ಕೋಲು ಗಿಡ್ಡ ಅಂತ ಮ್ಯಾಚ್‌ಗೆ ಮೊದಲೇ ಒಂದು ತಕರಾರು ಕೊಡಬಾರ್ದಿತ್ತಾ? ನನಗೆ ರೂಲ್ ಗೊತ್ತಿಲ್ಲ ಅಂತ ಅವರ ಎದುರಿಗೇ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ಪೋಸ್ಟು ನಿಮಗೆ ಹೋಗ್ತಿತ್ತು ಸಾರ್," ಎಂದು ಜ್ಯೋತಿಲಕ್ಷ್ಮಿ ಟೆಂಪೋ ಹತ್ತಿದರು.